ಬೈಕಿಗೊಂದು ಗಟ್ಟಿ ದನಿಯ ಹಾರ್ನ್: ಆಯ್ಕೆಯಿಂದ ಜೋಡಣೆಯವರೆಗೆ

ಕಾಸರಗೋಡು ಜಿಲ್ಲೆಯ ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳದ ಕಡೆ ಬೈಕಿನಲ್ಲಿ ಹೋಗುವವರಿಗೆ ಹಾರ್ನ್ ಅಲಂಕಾರದ ಸಾಮಾನಲ್ಲ. ಒಂದು ಬದಿಯಲ್ಲಿ ಕಡಿದು ಬಿಟ್ಟ ಮುರಕಲ್ಲಿನ ಬರೆ, ಇನ್ನೊಂದು ಬದಿಯಲ್ಲಿ ಅಡಿಕೆ ತೋಟದ ಇಳಿಜಾರು, ನಡುವೆ ಕುರುಡು ತಿರುವು. ಸಮಯ ತಪ್ಪಿದ ಖಾಸಗಿ ಬಸ್ಸೊಂದು ಆಚೆಯಿಂದ ಬರುತ್ತಿದೆಯೋ ಇಲ್ಲವೋ ಎಂಬುದು ತಿರುವಿಗೆ ಬಂದ ಮೇಲೆಯೇ ತಿಳಿಯುವುದು. ಕುಂಬಳೆ–ಮುಳ್ಳೇರಿಯ ರಸ್ತೆಯಲ್ಲೂ ಬಾಯಾರು, ಪೈವಳಿಕೆಯ ಒಳದಾರಿಗಳಲ್ಲೂ ಇದೇ ಕಥೆ. ನೂರು, ನೂರಿಪ್ಪತ್ತೈದು ಸಿಸಿಯ ಬೈಕುಗಳಿಗೆ ಕಂಪೆನಿ ಕೊಡುವ ಒಂಟಿ ಹಾರ್ನಿನ ದನಿ ಇಂತಹ ಕಡೆ ಬಸ್ಸಿನ ಎಂಜಿನ್ ಸದ್ದಿನಲ್ಲೇ ಮುಳುಗಿಹೋಗುತ್ತದೆ. ಜಡಿಮಳೆ ಹಿಡಿದಿದ್ದರಂತೂ ಹೇಳುವುದೇ ಬೇಡ.

ಹಾಗಾಗಿ ಇನ್ನೂ ಗಟ್ಟಿಯಾದ ಹಾರ್ನ್ ಬೇಕೆನ್ನುವುದು ನ್ಯಾಯವೇ. ಆದರೆ ಹೆಚ್ಚಿನವರು ಮಾಡುವುದು ಇಷ್ಟು: ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲೆ ಅತಿ ದೊಡ್ಡ ಸಂಖ್ಯೆ ಇರುವುದನ್ನು ಆರಿಸಿ, ಹಳೆಯ ತಂತಿಗೇ ಸಿಕ್ಕಿಸಿಕೊಂಡು ಮನೆಗೆ ಬರುವುದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದನಿ ಕಟ್ಟಿಹೋಗಿ, ಸ್ವಿಚ್ಚಿನ ಬಳಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬರತೊಡಗುತ್ತದೆ. ಬೈಯಿಸಿಕೊಳ್ಳುವುದು ಮಾತ್ರ ಹಾರ್ನ್. ನನ್ನ ಪ್ರಕಾರ ಹಾರ್ನಿನ ದನಿಯ ಅರ್ಧ ಪಾಲು ಇರುವುದು ಅದಕ್ಕೆ ಕರೆಂಟು ತರುವ ತಂತಿಯಲ್ಲಿ. ಮುಂದೆ ಬರುವ ಮಾತುಗಳಲ್ಲಿ ಹಾರ್ನಿಗಿಂತ ತಂತಿ, ರಿಲೇ, ಫ್ಯೂಸುಗಳ ವಿಚಾರವೇ ಹೆಚ್ಚಿದ್ದರೆ ಅದಕ್ಕೆ ಇದೇ ಕಾರಣ.

ಮೊದಲು ಹಳೆಯದನ್ನು ವಿಚಾರಿಸಿಕೊಳ್ಳಿ

ಹೊಸದು ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ಹಿಡಿದುಕೊಂಡು ಹತ್ತು ನಿಮಿಷ ಬೈಕಿನ ಪಕ್ಕ ಕುಳಿತುಕೊಳ್ಳಿ. ಎಂಜಿನ್ ಆಫ್ ಇರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟಿನ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ, 12.2ಕ್ಕಿಂತ ಕೆಳಗಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನೋಡಿದರೆ, 13.5ರಿಂದ 14.5ರ ನಡುವೆ ತೋರಿಸಬೇಕು. ತೋರಿಸದಿದ್ದರೆ ನಿಮ್ಮ ತೊಂದರೆ ಇರುವುದು ಚಾರ್ಜಿಂಗ್‌ನಲ್ಲಿ. ಅದನ್ನು ಸರಿಪಡಿಸದೆ ಯಾವ ಹಾರ್ನ್ ತಂದರೂ ಪ್ರಯೋಜನವಿಲ್ಲ.

ಇನ್ನು ಹಾರ್ನಿನ ಎರಡು ತುದಿಗಳಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿ, ಬಟನ್ ಒತ್ತಿ ಹಿಡಿದು ಅಳೆಯಿರಿ. ಬಟನ್ ಒತ್ತದೆ ಅಳೆದರೆ ಏನೂ ತಿಳಿಯುವುದಿಲ್ಲ. ಕರೆಂಟು ಹರಿಯುವಾಗಷ್ಟೇ ನಷ್ಟ ಬಯಲಾಗುತ್ತದೆ. ಅದೇ ಹೊತ್ತಿನಲ್ಲಿ ಬ್ಯಾಟರಿಯ ವೋಲ್ಟೇಜನ್ನೂ ಅಳೆದು ಹೋಲಿಸಿ. ಎರಡರ ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ತಂತಿ ಆರೋಗ್ಯವಾಗಿದೆ. ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜು ಕಳೆದುಹೋಗುತ್ತಿದೆ.

ಎಲ್ಲಿ ಎಂದು ಹುಡುಕಲು ಹಾರ್ನಿನ ಹಿಂದಿರುವ ಕಪ್ಲರನ್ನು (ತಂತಿ ಸೇರಿಸುವ ಪ್ಲಗ್ಗನ್ನು) ಎಳೆದು ನೋಡಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕರಾವಳಿಯಲ್ಲಿ ಓಡುವ ಬೈಕಾದರೆ ಹಿತ್ತಾಳೆಯ ಚಪ್ಪಟೆ ತುದಿಯ ಮೇಲೆ ಹಸಿರು ಪುಡಿ ಕೂತಿರುವುದು ಕಾಣಿಸುತ್ತದೆ. ಕಡಲ ಗಾಳಿಯ ಉಪ್ಪಿನ ಕೆಲಸ ಅದು. ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಸಡಿಲಾದ ಹೆಣ್ಣು ತುದಿಯನ್ನು ಇಕ್ಕಳದಿಂದ ತುಸು ಬಿಗಿ ಮಾಡಿ, ತೆಳುವಾಗಿ ವ್ಯಾಸಲೀನ್ ಸವರಿ ಮತ್ತೆ ಸೇರಿಸಿ. ಹ್ಯಾಂಡಲಿನ ಸ್ವಿಚ್ಚಿನೊಳಗಿನ ಸಂಪರ್ಕ ಬಿಂದುವಿಗೂ ಇದೇ ಉಪಚಾರ. ಹಲವು ಹಾರ್ನುಗಳ ಬೆನ್ನಿನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಕೆಲವೊಮ್ಮೆ ಬಣ್ಣದಿಂದ ಮುಚ್ಚಿರುತ್ತದೆ. ಅದನ್ನು ಒಮ್ಮೆಗೆ ಎಂಟನೇ ಒಂದು ಸುತ್ತಿನಷ್ಟು ಮಾತ್ರ ತಿರುಗಿಸಿ ದನಿ ಕೇಳಿ. ದನಿ ಒಡೆದರೆ ಹಿಂದಕ್ಕೆ ತನ್ನಿ. ಎಷ್ಟೋ ಬೈಕುಗಳ ಹಾರ್ನ್ ಇಷ್ಟರಲ್ಲೇ ಗುಣವಾಗುತ್ತದೆ. ಹಾಗಾದರೆ ಈ ಲೇಖನ ನಿಮಗೆ ಇಲ್ಲಿಗೇ ಮುಗಿಯಿತು, ಹಣವೂ ಉಳಿಯಿತು.

ಡಿಸ್ಕ್, ವಿಂಡ್‌ಟೋನ್, ಏರ್ ಹಾರ್ನ್

ಎಲ್ಲ ವಿದ್ಯುತ್ ಹಾರ್ನುಗಳ ಒಳಗುಟ್ಟು ಒಂದೇ. ಸುರುಳಿಗೆ ಕರೆಂಟು ಹರಿದಾಗ ಅದು ಅಯಸ್ಕಾಂತವಾಗಿ ತೆಳು ಉಕ್ಕಿನ ಪರದೆಯನ್ನು ಎಳೆಯುತ್ತದೆ. ಪರದೆ ಸರಿದೊಡನೆ ಒಳಗಿನ ಸಂಪರ್ಕ ಬಿಟ್ಟುಕೊಂಡು ಕರೆಂಟು ನಿಲ್ಲುತ್ತದೆ. ಪರದೆ ಹಿಂದಕ್ಕೆ ಹಾರಿದಾಗ ಸಂಪರ್ಕ ಮತ್ತೆ ಕೂಡುತ್ತದೆ. ಇದು ಸೆಕೆಂಡಿಗೆ ನಾಲ್ಕು ನೂರು ಸಲದ ಆಸುಪಾಸಿನಲ್ಲಿ ನಡೆದರೆ ನಮಗೆ ದನಿಯಾಗಿ ಕೇಳಿಸುತ್ತದೆ.

ಡಿಸ್ಕ್ ಹಾರ್ನಿನಲ್ಲಿ ಪರದೆಯ ಮುಂದೆ ಇನ್ನೊಂದು ತಟ್ಟೆ ಇರುತ್ತದೆ. ಅದು ಎರಡು, ಮೂರು ಸಾವಿರ ಹರ್ಟ್ಸ್‌ನ ಚೂಪು ಸ್ವರಗಳನ್ನು ಸೇರಿಸುತ್ತದೆ. ಮನುಷ್ಯರ ಕಿವಿ ಅತಿ ಸೂಕ್ಷ್ಮವಾಗಿರುವುದು ಇದೇ ವಲಯದಲ್ಲಿ. ಆದ್ದರಿಂದ ಡಿಸ್ಕ್ ಹಾರ್ನ್ ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ. ತೆಳ್ಳಗಿರುವುದರಿಂದ ಬೈಕಿನಲ್ಲಿ ಜಾಗವೂ ಕಡಿಮೆ ಸಾಕು, ನೀರೂ ಅಷ್ಟು ಬೇಗ ಸೇರದು. ಆದರೆ ದನಿ ಮುಖ ತಿರುಗಿಸಿದ ಕಡೆಗೇ ಹೆಚ್ಚಾಗಿ ಹೋಗುತ್ತದೆ.

ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವುದು ವಿಂಡ್‌ಟೋನ್. ಪರದೆಯ ದನಿ ಸುರುಳಿ ಕೊಳವೆಯೊಳಗಿನ ಗಾಳಿಯನ್ನು ಅನುರಣಿಸಿ ದಪ್ಪವಾಗಿ, ಕಾರಿನ ದನಿಯಂತೆ ಹೊರಬರುತ್ತದೆ. ಗಾಜು ಏರಿಸಿ ಏಸಿ ಹಾಕಿಕೊಂಡವರಿಗೂ ಇದು ಕೇಳಿಸುತ್ತದೆ, ಏಕೆಂದರೆ ತಗ್ಗು ಸ್ವರಗಳು ಗಾಜನ್ನು ದಾಟುವುದರಲ್ಲಿ ಚೂಪು ಸ್ವರಗಳಿಗಿಂತ ಮುಂದು. ಎದುರಿನವರು ಸ್ಕೂಟರ್ ಎಂದುಕೊಳ್ಳದೆ ದೊಡ್ಡ ವಾಹನವೆಂದು ಭಾವಿಸಿ ಬದಿಗೆ ಸರಿಯುವುದು ಇದರ ಇನ್ನೊಂದು ಲಾಭ. ಜಾಗ ಮತ್ತು ಕರೆಂಟು ಎರಡನ್ನೂ ಇದು ಹೆಚ್ಚು ಕೇಳುತ್ತದೆ.

ಏರ್ ಹಾರ್ನಿನ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ: ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 119ನೇ ನಿಯಮವು ಒಂದರ ಹಿಂದೆ ಒಂದರಂತೆ ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನುಗಳನ್ನೂ, ಅತಿ ಕರ್ಕಶವಾದ, ಗಾಬರಿ ಹುಟ್ಟಿಸುವ ಸಾಧನಗಳನ್ನೂ ನಿಷೇಧಿಸುತ್ತದೆ. 2025ರ ಅಕ್ಟೋಬರಿನಲ್ಲಿ ಕೇರಳದಲ್ಲಿ ವಿಶೇಷ ತಪಾಸಣೆ ನಡೆಸಿ ವಶಪಡಿಸಿಕೊಂಡ ಏರ್ ಹಾರ್ನುಗಳನ್ನು ರೋಡ್ ರೋಲರಿನಡಿ ಹಾಕಿ ಪುಡಿ ಮಾಡಿದ್ದು ನೆನಪಿರಬಹುದು. ಹಾಡು ಹೇಳುವ, ನಾಯಿ ಬೊಗಳುವ, ಸೈರನ್ ಊದುವ ಹಾರ್ನುಗಳೂ ಇದೇ ಪಟ್ಟಿಗೆ ಸೇರುತ್ತವೆ. ಎತ್ತರದ ಮತ್ತು ತಗ್ಗಿನ ಸ್ವರದ ಎರಡು ಹಾರ್ನುಗಳು ಒಟ್ಟಿಗೇ ಮೊಳಗುವ ಜೋಡಿಯ ಮಾತು ಬೇರೆ. ಅಲ್ಲಿ ಸ್ವರ ಬದಲಾಗುವುದಿಲ್ಲ. ಗಡಿ ದಾಟಿ ದಿನವೂ ಮಂಗಳೂರಿಗೆ ಹೋಗುವವರು ತಲಪಾಡಿಯ ಆಚೆ ಬೇರೆ ಕಾನೂನು ಎಂದು ಭಾವಿಸಬೇಕಾಗಿಲ್ಲ. ಇದು ಕೇಂದ್ರದ ನಿಯಮ, ಎರಡೂ ಕಡೆ ಒಂದೇ.

ನನ್ನ ಆಯ್ಕೆ ಕೇಳಿದರೆ: ತೋಟ, ಗುಡ್ಡೆಗಳ ನಡುವಿನ ಒಳದಾರಿಯಲ್ಲೇ ಹೆಚ್ಚು ಓಡುವವರಿಗೆ ಒಳ್ಳೆಯ ಡಿಸ್ಕ್ ಜೋಡಿ ಸಾಕು. ತಲಪಾಡಿಯಿಂದ ಚೆಂಗಳದವರೆಗಿನ ಹೊಸ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ, ಎತ್ತರದ ಕಾಂಕ್ರೀಟ್ ಗೋಡೆಯ ಪಕ್ಕ, ಅಡ್ಡದಾರಿಯಿಂದ ಗಾಜು ಏರಿಸಿದ ಕಾರುಗಳು ಧುತ್ತೆಂದು ಇಣುಕುವಲ್ಲಿ ನಿತ್ಯ ಓಡಾಡುವವರಿಗೆ ವಿಂಡ್‌ಟೋನ್ ಮೇಲು.

ಪೆಟ್ಟಿಗೆಯ ಮೇಲಿನ ಸಂಖ್ಯೆ

‘118 ಡೆಸಿಬೆಲ್’ ಎಂದು ಬರೆದಿದ್ದರೆ ಎಷ್ಟು ದೂರದಿಂದ ಅಳೆದದ್ದು ಎಂದು ಕೇಳಿ. ದೂರ ಇಮ್ಮಡಿಯಾದಂತೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರಿನಲ್ಲಿ ಅಳೆದ 112 ಡೆಸಿಬೆಲ್ಲಿನ ಹಾರ್ನ್, ಒಂದು ಮೀಟರಿನಲ್ಲಿ ಅಳೆದು 118 ಎಂದು ಬರೆದುಕೊಂಡದ್ದಕ್ಕೆ ಸರಿಸಮ. ದೂರ ಬರೆಯದ ಪೆಟ್ಟಿಗೆಯ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಒಂದೇ ಬಗೆಯ ಇನ್ನೊಂದು ಹಾರ್ನ್ ಸೇರಿಸಿದರೆ ಹೆಚ್ಚುವುದು ಬರೇ 3 ಡೆಸಿಬೆಲ್. ಕಿವಿಗೆ ದನಿ ‘ಇಮ್ಮಡಿ’ ಎನ್ನಿಸಬೇಕಾದರೆ 10 ಡೆಸಿಬೆಲ್ಲಿನಷ್ಟು ಏರಬೇಕು. ಹಾಗಾದರೆ ಜೋಡಿ ಹಾರ್ನ್ ಏಕೆ? ಎರಡು ಸ್ವರ ಬೆರೆತ ದನಿ ಸುತ್ತಲಿನ ಗದ್ದಲದಿಂದ ಬೇರೆಯಾಗಿ ನಿಲ್ಲುತ್ತದೆ, ಅದಕ್ಕೆ. ಕೊಳ್ಳುವಾಗ ಒಂದು ‘ಹೈ’, ಒಂದು ‘ಲೋ’ ಎಂದಿರುವುದನ್ನು ನೋಡಿಕೊಳ್ಳಿ. ಒಂದೇ ಸ್ವರದ ಎರಡನ್ನು ಕಟ್ಟಿ ಕೊಡುವ ಅಂಗಡಿಗಳೂ ಇವೆ.

ಡೆಸಿಬೆಲ್‌ಗಿಂತ ಮುಖ್ಯವಾಗಿ ಓದಬೇಕಾದದ್ದು ಆಂಪಿಯರ್, ಅಂದರೆ ಹಾರ್ನ್ ಎಳೆಯುವ ಕರೆಂಟು. ವಿಂಡ್‌ಟೋನ್ ಒಂದಕ್ಕೆ ಸಾಮಾನ್ಯವಾಗಿ 4ರಿಂದ 5 ಆಂಪಿಯರ್ ಬೇಕು, ಜೋಡಿಗೆ 9ರಷ್ಟು. ಸಣ್ಣ ಬೈಕುಗಳ ಕಂಪೆನಿ ಹಾರ್ನ್ 2, 3 ಆಂಪಿಯರಿನಲ್ಲಿ ಮುಗಿಸುತ್ತದೆ. ಅದರ ತಂತಿ, ಸ್ವಿಚ್ಚು ಎಲ್ಲವೂ ಅಷ್ಟಕ್ಕೇ ತಯಾರಾದವು. 3ರಿಂದ 5 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿಯ ಸಣ್ಣ ಬೈಕಿಗೆ ಒಂದೇ ವಿಂಡ್‌ಟೋನ್ ಅಥವಾ ಎರಡು ಸಣ್ಣ ಡಿಸ್ಕ್ ಸಾಕು. 8 ಆಂಪಿಯರ್-ಅವರ್‌ನಷ್ಟು ಬ್ಯಾಟರಿ ಇರುವ ದೊಡ್ಡ ಬೈಕುಗಳು ಜೋಡಿ ವಿಂಡ್‌ಟೋನನ್ನು ನಿರಾಯಾಸವಾಗಿ ಹೊರುತ್ತವೆ. 2020ರ ಏಪ್ರಿಲ್ ನಂತರದ, ಹೊಗೆಯ ಮಿತಿಯ ಬಿಎಸ್-6 ನಿಯಮಕ್ಕೆ ಒಳಪಟ್ಟ ಹೆಚ್ಚಿನ ಬೈಕುಗಳಲ್ಲಿ ಪೆಟ್ರೋಲ್ ಸಿಂಪಡಿಸುವುದನ್ನು ನಿಯಂತ್ರಿಸುವುದೂ ಇದೇ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಘಟಕ. ಹಾರ್ನ್ ಒತ್ತಿದಾಗಲೆಲ್ಲ ಬ್ಯಾಟರಿ ಕುಸಿಯುವಂತೆ ಮಾಡುವುದು ಜಾಣತನವಲ್ಲ. ವಿದ್ಯುತ್ ಸ್ಕೂಟರ್ ಇರುವವರು ಸರ್ವಿಸ್ ಕೇಂದ್ರದಲ್ಲಿ ವಿಚಾರಿಸದೆ ತಂತಿಗೆ ಕೈ ಹಾಕಲೇಬಾರದು. ಅಲ್ಲಿ 12 ವೋಲ್ಟ್ ಬರುವುದು ಮಿತಿಯುಳ್ಳ ಪರಿವರ್ತಕದಿಂದ.

ಅಂಗಡಿಯಲ್ಲಿ

ಕೊಯಮತ್ತೂರಿನ ರೂಟ್ಸ್, ಬಾಷ್, ಹೆಲ್ಲಾ, ಯುನೊ ಮಿಂಡಾ ಹೆಸರಿನವು ನಮ್ಮ ಕಡೆ ಸಿಗುತ್ತವೆ, ಅವುಗಳ ನಕಲಿಗಳೂ ಸಿಗುತ್ತವೆ. ಅಸಲಿ ಹಾರ್ನ್ ಕೈಗೆ ಭಾರವೆನಿಸುತ್ತದೆ, ಹೆಸರು ಹಾಗೂ ವೋಲ್ಟೇಜ್ ಲೋಹದ ಮೇಲೆ ಅಚ್ಚಾಗಿರುತ್ತದೆ, ತುದಿಗಳು ಅಲುಗಾಡುವುದಿಲ್ಲ. ಅಂಟಿಸಿದ ಸ್ಟಿಕರ್ ಒಂದನ್ನೇ ನಂಬಿ ಕೊಳ್ಳಬೇಡಿ. ಎರಡು ತುದಿಯ ಹಾರ್ನನ್ನೇ ಆರಿಸಿ. ಒಂದು ತುದಿ ಮಾತ್ರ ಇದ್ದು ಮೈಯಿಂದ ಅರ್ತ್ ತೆಗೆದುಕೊಳ್ಳುವುದು ತುಕ್ಕು ಹಿಡಿಯುವ ಊರಿಗೆ ಹೇಳಿಸಿದ್ದಲ್ಲ. ಅಂಗಡಿಯ ಮೇಜಿನ ಮೇಲೆ ದೊಡ್ಡ ಬ್ಯಾಟರಿಗೆ ಮುಟ್ಟಿಸಿ ತೋರಿಸುವ ದನಿಗೆ ಮರುಳಾಗಬೇಡಿ. ಗೋಡೆಗಳ ನಡುವೆ ಯಾವ ಹಾರ್ನೂ ಸಿಡಿಲೇ. ಬಿಲ್ಲು ಕೇಳಿ ಪಡೆಯಿರಿ.

ಅದೇ ಅಂಗಡಿಯಲ್ಲಿ ಇವನ್ನೂ ಕೊಳ್ಳಿ: 12 ವೋಲ್ಟ್, 30 ಆಂಪಿಯರಿನ ನಾಲ್ಕು ಪಿನ್ನಿನ ರಿಲೇ ಮತ್ತು ಅದರ ಸಾಕೆಟ್, ಮುಚ್ಚಳವಿರುವ ಫ್ಯೂಸ್ ಹೋಲ್ಡರ್, ಚಪ್ಪಟೆ ತುದಿಗಳು, ಕಾವಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ. ತಂತಿ ಒಂಟಿ ಹಾರ್ನಿಗೆ 1.5 ಚದರ ಮಿಲಿಮೀಟರ್, ಜೋಡಿಗೆ 2.5. ದಪ್ಪದ ಲೆಕ್ಕ ಹೀಗೆ: ಅರ್ಧ ಚದರ ಮಿಲಿಮೀಟರಿನ ತಂತಿಯಲ್ಲಿ ಹೋಗಿ ಬರುವ ದಾರಿ ಒಟ್ಟು ಮೂರು ಮೀಟರ್ ಎಂದಿಟ್ಟುಕೊಂಡರೆ, 9 ಆಂಪಿಯರ್ ಹರಿಯುವಾಗ ತಂತಿಯೊಂದರಲ್ಲೇ ಸುಮಾರು 1 ವೋಲ್ಟ್ ಕಳೆದುಹೋಗುತ್ತದೆ. 2.5ರ ತಂತಿಯಲ್ಲಿ ಕಳೆಯುವುದು 0.2 ವೋಲ್ಟ್ ಮಾತ್ರ. ದುಬಾರಿ ಹಾರ್ನ್ ತಂದು ಕೂದಲಿನಂಥ ತಂತಿ ಕಟ್ಟುವವರಿಗೆ ಈ ಲೆಕ್ಕವನ್ನು ಯಾರಾದರೂ ತೋರಿಸಬೇಕು.

ರಿಲೇ ಜೋಡಣೆ

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು. ಹ್ಯಾಂಡಲಿನ ಬಟನ್ನಿನಲ್ಲಿ ಆಗ ಹರಿಯುವುದು 0.2 ಆಂಪಿಯರಿನೊಳಗೆ; ಹಾರ್ನಿಗೆ ಬೇಕಾದದ್ದು ಬ್ಯಾಟರಿಯಿಂದ ನೇರವಾಗಿ ಹೋಗುತ್ತದೆ. ರಿಲೇಯ ಅಡಿಯಲ್ಲಿ 30, 85, 86, 87 ಎಂದು ಸಂಖ್ಯೆಗಳಿವೆ. ಐದು ಪಿನ್ನಿನದು ಸಿಕ್ಕಿದರೆ ನಡುವಿನ 87ಎ ಖಾಲಿ ಬಿಡಿ.

1. ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ. ಇದನ್ನು ಮೊದಲು ಮಾಡಿ, ಉಳಿದದ್ದೆಲ್ಲ ಆಮೇಲೆ.

2. ಹಳೆಯ ಹಾರ್ನಿನ ಎರಡು ತಂತಿಗಳನ್ನು ಕತ್ತರಿಸದೆ ಕಪ್ಲರಿನಿಂದಲೇ ಬಿಡಿಸಿಕೊಂಡು 85 ಮತ್ತು 86ಕ್ಕೆ ಸೇರಿಸಿ. ಕೆಲವು ಬೈಕುಗಳಲ್ಲಿ ಬಟನ್ ಪಾಸಿಟಿವ್ ಬದಿಯಲ್ಲಿದೆ, ಹಲವುಗಳಲ್ಲಿ ನೆಗೆಟಿವ್ ಬದಿಯಲ್ಲಿ. ಅದನ್ನು ತಿಳಿಯದ ಮೆಕ್ಯಾನಿಕ್ ಒಂದು ತಂತಿಯನ್ನಷ್ಟೇ ತೆಗೆದುಕೊಂಡು ಇನ್ನೊಂದನ್ನು ಫ್ರೇಮಿಗೆ ಕೊಟ್ಟರೆ ಹಾರ್ನ್ ಮೂಕವಾಗಬಹುದು, ಇಲ್ಲವೇ ಕೀ ತಿರುಗಿಸಿದೊಡನೆ ಬಟನ್ ಮುಟ್ಟದೆಯೇ ಕೂಗತೊಡಗಬಹುದು. ಎರಡೂ ಹಳೆಯ ತಂತಿಗಳನ್ನು ರಿಲೇಗೇ ಕೊಟ್ಟರೆ ಬಟನ್ ಯಾವ ಬದಿಯಲ್ಲಿದ್ದರೂ ಸರಿ, ಕೀ ತೆಗೆದರೆ ಹಾರ್ನೂ ಸತ್ತಿರುತ್ತದೆ. ಒಳಗೆ ಡಯೋಡ್ ಇರುವ ರಿಲೇಯಾದರೆ ಮಾತ್ರ ಪಾಸಿಟಿವ್ ತಂತಿ 86ಕ್ಕೇ ಹೋಗಬೇಕು.

3. ಬ್ಯಾಟರಿ ಪಾಸಿಟಿವ್‌ನಿಂದ ಹೊಸ ದಪ್ಪ ತಂತಿ ಫ್ಯೂಸ್ ಹೋಲ್ಡರ್ ಮೂಲಕ 30ಕ್ಕೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಒಂಟಿ ಹಾರ್ನಿಗೆ 10, ಜೋಡಿಗೆ 15 ಆಂಪಿಯರ್ ಫ್ಯೂಸ್. ಫ್ಯೂಸಿಲ್ಲದ ತಂತಿ ಪೆಟ್ರೋಲ್ ಟ್ಯಾಂಕಿನಡಿ ಹಾದುಹೋಗುವುದನ್ನು ನಾನು ಎಷ್ಟೋ ಬೈಕುಗಳಲ್ಲಿ ನೋಡಿದ್ದೇನೆ. ಅದರ ಮೇಲೆ ಕುಳಿತು ಹೋಗುವವರ ಧೈರ್ಯ ದೊಡ್ಡದು.

4. 87ರಿಂದ ಹಾರ್ನಿನ ಒಂದು ತುದಿಗೆ. ಜೋಡಿಯಿದ್ದರೆ ಕವಲೊಡೆದು ಎರಡಕ್ಕೂ. ಹಾರ್ನಿನ ಇನ್ನೊಂದು ತುದಿಯಿಂದ ಅಷ್ಟೇ ದಪ್ಪದ ತಂತಿ ಬ್ಯಾಟರಿಯ ನೆಗೆಟಿವ್‌ಗೆ ನೇರವಾಗಿ. ಫ್ರೇಮಿನ ಬಣ್ಣ ಕೆರೆದು ಅಲ್ಲಿಗೇ ಕೊಡುವ ರೂಢಿಯಿದೆ. ಕೆರೆದ ಜಾಗಕ್ಕೆ ಮಳೆಗಾಲ ಬಂದೊಡನೆ ತುಕ್ಕು ಹಿಡಿಯುತ್ತದೆ.

5. ತುದಿಗಳನ್ನು ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ ಬಿಗಿದು ಹೀಟ್ ಶ್ರಿಂಕ್ ಹಾಕಿ. ಕಪ್ಪು ಟೇಪಿನ ಅಂಟು ಎಂಜಿನ್ನಿನ ಕಾವಿಗೆ ಕರಗಿ, ಮಳೆಗೆ ಬಿಚ್ಚಿಕೊಳ್ಳುತ್ತದೆ. ರಿಲೇಯನ್ನು ಸೀಟಿನಡಿ ಅಥವಾ ಬದಿಯ ಮುಚ್ಚಳದೊಳಗೆ, ಪಿನ್ನುಗಳು ಕೆಳಮುಖವಾಗಿರುವಂತೆ ಕೂರಿಸಿ. ಮೇಲ್ಮುಖವಾಗಿದ್ದರೆ ಅದು ನೀರು ಹಿಡಿಯುವ ಬಟ್ಟಲು.

ಬ್ಯಾಟರಿ ಜೋಡಿಸಿ, ಎಂಜಿನ್ ಓಡಿಸಿ, ಬಟನ್ ಒತ್ತಿ ಹಿಡಿದು ಹಾರ್ನಿನ ತುದಿಯಲ್ಲಿ ಮತ್ತೆ ಅಳೆಯಿರಿ. ಬ್ಯಾಟರಿಗೂ ಹಾರ್ನಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ತುದಿ ಸರಿಯಾಗಿ ಬಿಗಿದಿಲ್ಲ. ವಾರಂಟಿ ಇರುವ ಬೈಕಾದರೆ ಕಂಪೆನಿಯ ಒಂದು ತಂತಿಯೂ ಕತ್ತರಿಸಿರಬಾರದು. ಹಳೆಯ ಹಾರ್ನನ್ನು ಎಸೆಯದೆ ಎತ್ತಿಡಿ.

ಎಲ್ಲಿ, ಹೇಗೆ ಕೂರಿಸಬೇಕು

ಹಾರ್ನಿನ ಜೊತೆ ಬರುವ ಉಕ್ಕಿನ ಪಟ್ಟಿ ಬಳುಕುವಂತೆ ಮಾಡಿರುವುದು ಬೇಕೆಂದೇ. ಅದರ ಬದಲು ದಪ್ಪ ಕಬ್ಬಿಣದ ತುಂಡಿಗೆ ಬಿಗಿದರೆ ಹಾರ್ನಿನ ಮೈ ಕಂಪಿಸಲಾಗದೆ ದನಿ ಸಾಯುತ್ತದೆ. ಮಧ್ಯದ ನಟ್ಟನ್ನು ಬಿಗಿ ಮಾಡಿ, ಆದರೆ ಹಾರ್ನಿನ ಅಂಚು ಫ್ರೇಮಿಗಾಗಲಿ ಎಂಜಿನ್ ಗಾರ್ಡಿಗಾಗಲಿ ತಾಗದಿರಲಿ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಮುಂದಿನ ಫೋರ್ಕನ್ನು ಒತ್ತಿ ನೋಡಿ. ಬ್ರೇಕಿನ ಪೈಪಾಗಲಿ ಕ್ಲಚ್ ಕೇಬಲಾಗಲಿ ಉಜ್ಜಬಾರದು. ರೇಡಿಯೇಟರ್, ಆಯಿಲ್ ಕೂಲರುಗಳ ಮುಂದೆ ಅಡ್ಡ ನಿಲ್ಲಿಸಬೇಡಿ.

ಡಿಸ್ಕ್ ಹಾರ್ನ್ ಮುಂದಕ್ಕೆ ಮುಖ ಮಾಡಿರಲಿ. ವಿಂಡ್‌ಟೋನಿನ ಬಾಯಿ ಮುಂದಕ್ಕೂ ತುಸು ಕೆಳಕ್ಕೂ ಇರಬೇಕು. ಬಾಯಿ ಮೇಲಕ್ಕಿದ್ದರೆ ಜೂನಿನ ಮೊದಲ ವಾರದಲ್ಲೇ ಅದರೊಳಗೆ ನೀರು ನಿಂತು, ದನಿಯ ಬದಲು ಗೊರಗೊರ ಶಬ್ದ ಬರುತ್ತದೆ. ಮುಂದಿನ ಚಕ್ರದ ಕೆಸರು ನೇರವಾಗಿ ಎರಚುವ ಜಾಗವೂ ಬೇಡ. ನಮ್ಮ ಕೆಂಪು ಮಣ್ಣು ಒಣಗಿದ ಮೇಲೆ ಗಾರೆಯಂತೆ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೈಕನ್ನು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲಿಸಿ ಗಲ್ಫಿಗೆ ಹೋಗುವವರ ವಿಂಡ್‌ಟೋನಿನಲ್ಲಿ ಕುಂಬಾರ ಹುಳು ಮನೆ ಕಟ್ಟಿರುವುದೂ ಉಂಟು. ಕಡ್ಡಿ ಹಾಕಿ ಬಿಡಿಸಿ, ಒಳಗಿನ ಪರದೆಯವರೆಗೆ ಚುಚ್ಚಬೇಡಿ.

ಬಳಕೆ, ದಂಡ, ದುರಸ್ತಿ

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 194ಎಫ್ ವಿಧಿಯ ಪ್ರಕಾರ ಅನಗತ್ಯವಾಗಿ, ಎಡೆಬಿಡದೆ ಅಥವಾ ನಿಷೇಧವಿರುವಲ್ಲಿ ಹಾರ್ನ್ ಹಾಕಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ವರೆಗೆ ನಿಶ್ಶಬ್ದ ವಲಯವಾಗಬಹುದು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾರ್ನ್ ಹಾಕುವಂತಿಲ್ಲ. ಯಕ್ಷಗಾನದ ಆಟ ಮುಗಿಸಿ ಬೆಳಗಿನ ಜಾವ ಬರುವವರು ಕುರುಡು ತಿರುವಿನಲ್ಲಿ ಹೆಡ್‌ಲೈಟನ್ನು ಡಿಮ್ ಡಿಪ್ ಮಾಡಿದರೆ ಬರೆಯ ಮೇಲೆ ಬಿದ್ದ ಬೆಳಕೇ ಎದುರಿನವರಿಗೆ ಹೇಳುತ್ತದೆ. ಹಗಲಿನಲ್ಲಿ ತಿರುವಿಗೆ ಮುಂಚೆ ಒಮ್ಮೆ ಚಿಕ್ಕದಾಗಿ ಒತ್ತಿ, ಕೈಯನ್ನು ಬ್ರೇಕಿನ ಮೇಲಿಟ್ಟುಕೊಂಡು ಆಚೆಯ ಉತ್ತರಕ್ಕೆ ಕಿವಿಗೊಡಿ.

ತೊಳೆಯುವಾಗ ಪ್ರೆಶರ್ ವಾಷರಿನ ನೀರನ್ನು ಹಾರ್ನಿನ ಬಾಯಿಗೆ ಹಿಡಿಯಬೇಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತುದಿಗಳನ್ನು ಬಿಡಿಸಿ ಒರಸಿ ವ್ಯಾಸಲೀನ್ ಹಚ್ಚಿ. ಮಳೆಯಲ್ಲಿ ದನಿ ಇದ್ದಕ್ಕಿದ್ದಂತೆ ಕಟ್ಟಿದರೆ ಹತ್ತಾರು ಸಲ ಚುಟುಕಾಗಿ ಒತ್ತಿ, ಹೆಚ್ಚಾಗಿ ನೀರು ಹೊರಗೆ ಹಾರಿಹೋಗುತ್ತದೆ. ಒತ್ತಿದಾಗ ರಿಲೇ ‘ಟಿಕ್’ ಎಂದರೂ ಹಾರ್ನ್ ಸುಮ್ಮನಿದ್ದರೆ ಫ್ಯೂಸ್, ಆಮೇಲೆ 87ರಿಂದ ಮುಂದಿನ ತಂತಿ ನೋಡಿ. ‘ಟಿಕ್’ ಕೂಡ ಇಲ್ಲದಿದ್ದರೆ ತೊಂದರೆ ಬಟನ್ನಿನಲ್ಲಿ ಅಥವಾ ಹಳೆಯ ತಂತಿಯಲ್ಲಿ. ಬಟನ್ ಬಿಟ್ಟ ಮೇಲೂ ಹಾರ್ನ್ ನಿಲ್ಲದೆ ಕೂಗತೊಡಗಿದರೆ ಗಾಬರಿಯಿಂದ ತಂತಿ ಕಿತ್ತುಹಾಕಬೇಡಿ. ಕೀ ತೆಗೆದರೆ ನಿಂತಿತೆಂದರೆ ಬಟನ್ ಸಿಕ್ಕಿಕೊಂಡಿದೆ. ಕೀ ತೆಗೆದರೂ ನಿಲ್ಲದಿದ್ದರೆ ರಿಲೇಯ ಒಳಗಿನ ಸಂಪರ್ಕ ಅಂಟಿಕೊಂಡಿದೆ; ಸಾಕೆಟ್ಟಿನಿಂದ ರಿಲೇಯನ್ನು ಎಳೆದು ತೆಗೆಯಿರಿ, ಸದ್ದು ನಿಲ್ಲುತ್ತದೆ. ಅದೇ ಬಗೆಯ ಹೊಸ ರಿಲೇ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಹಾಕಲು ಸ್ಪ್ಯಾನರ್ ಕೂಡ ಬೇಡ.